ಕುಮ್ಮಟದ ವೀರನೂ ಕಂಚಿನ ಮನುಷ್ಯನೂ

ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯಲ್ಲಿ ಜಬ್ಬಲಗುಡ್ಡದ ಸಮೀಪವಿರುವ ಕುಮ್ಮಟದುರ್ಗವು ಕಂಪಿಲರಾಯನ ಮಗ ಕುಮಾರರಾಮನ ನೆಲೆಯಾಗಿತ್ತು. ದೆಹಲಿಯ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟ ಕಾರಣಕ್ಕೆ ಈ ಸಣ್ಣ ರಾಜ್ಯವು 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ಸೇನೆಗೆ ತುತ್ತಾಯಿತಾದರೂ, ಅದರ ರಾಜಕುಮಾರನು ಹಾಡಲು ಒದಗುವ ನಾಲ್ಕು ಸಾಲಿನ ದೇಸಿ ಪದ್ಯಬಂಧವಾದ ಸಾಂಗತ್ಯದಲ್ಲಿಯೂ ಬಯಲಾಟದಲ್ಲಿಯೂ ಬದುಕಿ ಉಳಿದನು.

ಆ ಕಾವ್ಯಗಳಲ್ಲಿ ರಾಮನ ಪರಾಕ್ರಮಕ್ಕಿಂತ ಹಿರಿದಾದದ್ದು ಆತನ ಸಂಯಮ. ಮಲತಾಯಿ ರತ್ನಾಜಿಯು ಆತನನ್ನು ಮೋಹಿಸುತ್ತಾಳೆ, ಆತ ನಿರಾಕರಿಸಿದಾಗ ಅರಸನಲ್ಲಿ ಸುಳ್ಳು ದೂರು ಹೇಳುತ್ತಾಳೆ. ತಲೆ ಕಡಿಯಲು ತಂದೆಯೇ ಆಜ್ಞಾಪಿಸಿದರೂ ಮಂತ್ರಿ ಬೈಚಪ್ಪನು ಬೇರೊಬ್ಬನ ತಲೆಯನ್ನು ತೋರಿಸಿ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ತನ್ನನ್ನು ಕೊಲ್ಲಹೇಳಿದ ತಂದೆಯ ರಾಜ್ಯಕ್ಕಾಗಿಯೇ ಆತ ಮತ್ತೆ ಹೊರಬಂದು ಕಾದಿ ಮಡಿಯುತ್ತಾನೆ. ಪರನಾರಿ ಸಹೋದರನೆಂಬ ಬಿರುದು ಆತನಿಗೆ ಅಂಟಿಕೊಂಡದ್ದು ಈ ಕಾರಣದಿಂದ.

ಎಚ್. ಆರ್. ಭಾರ್ಗವ ಅವರ ನಿರ್ದೇಶನದಲ್ಲಿ, ಶಿವರಾಜ್‌ಕುಮಾರ್ ನಾಯಕರಾಗಿ, ಈ ಶತಮಾನದ ಮೊದಲ ದಶಕದಲ್ಲಿ ಬಂದ ‘ಗಂಡುಗಲಿ ಕುಮಾರರಾಮ’ ಚಿತ್ರವು ಈ ಕಥೆಯನ್ನೇ ಆರಿಸಿಕೊಂಡಿತಾದರೂ ನಿರೀಕ್ಷಿತ ಯಶಸ್ಸನ್ನು ಕಾಣಲಿಲ್ಲ. ಜನಪ್ರಿಯ ಚಿತ್ರದ ಹಾಡು, ಕಾಳಗ, ಆಸ್ಥಾನ ವೈಭವಗಳ ಅಚ್ಚಿನಲ್ಲಿ ಈ ಸಂಯಮದ ದುರಂತವನ್ನು ಕೂರಿಸುವುದು ನಿಜಕ್ಕೂ ಕಷ್ಟದ ಕೆಲಸವೇ ಸರಿ.

ಜನ ನಂಬಿದ ನಾಯಕನು ತೆರೆಯ ಮೇಲೆ ಸೋಲುವುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಅಮೆರಿಕದಲ್ಲಿದೆ. ಅಗ್ಗದ ಒರಟು ಕಾಗದದ ಸಾಹಸಕಥಾ ಪತ್ರಿಕೆಗಳಿಗೆ ಅಲ್ಲಿ ಪಲ್ಪ್ ಎಂಬ ಹೆಸರಿತ್ತು. 1933ರಲ್ಲಿ ಅಂಥ ಪತ್ರಿಕೆಯೊಂದರ ಮೂಲಕ ಹುಟ್ಟಿ, ಮುಖ್ಯವಾಗಿ ಲೆಸ್ಟರ್ ಡೆಂಟ್ ಅವರ ಲೇಖನಿಯಲ್ಲಿ ಬೆಳೆದ ಡಾಕ್ ಸ್ಯಾವೇಜ್ ಎಂಬ ಕಂಚಿನ ಮೈಬಣ್ಣದ ನಾಯಕನನ್ನು, ಜಾರ್ಜ್ ಪಾಲ್ ನಿರ್ಮಿಸಿ ಮೈಕೇಲ್ ಆಂಡರ್ಸನ್ ನಿರ್ದೇಶಿಸಿದ 1975ರ ಚಿತ್ರವು ಕ್ಯಾಂಪ್ ಶೈಲಿಗೆ, ಅಂದರೆ ಬೇಕೆಂದೇ ಅತಿರೇಕ ಮಾಡಿ ನಗಿಸುವ ಧಾಟಿಗೆ ಎಳೆಯಿತು. ನಟ ರಾನ್ ಎಲಿಯ ಕಣ್ಣಿನಲ್ಲಿ ನಕ್ಷತ್ರದಂತೆ ಮಿಂಚು ಹೊಳೆಯಿಸಿ, ಸಂಗೀತ ಸಂಯೋಜಕ ಸೂಸಾನ ಸೈನಿಕ ನಡಿಗೆಯ ಸಂಗೀತವನ್ನು ಬೆರೆಸಿದ ಆ ಚಿತ್ರ ಸೋತಿತು. ದಶಕಗಳಿಂದ ನಾಯಕನನ್ನು ನಿಜವಾಗಿ ನಂಬಿದ್ದ ಓದುಗರಿಗೆ ತಮ್ಮ ನಂಬಿಕೆಯೇ ನಗೆಪಾಟಲಾದಂತಾಯಿತು.

ಕುಮಾರರಾಮನ ಚಿತ್ರ ಆತನನ್ನು ಗೇಲಿ ಮಾಡಲಿಲ್ಲವೆಂಬುದು ಸಮಾಧಾನದ ಸಂಗತಿ, ಆದರೆ ಗೌರವವೊಂದೇ ಸಾಲದು. ಮುಂದೆ ಈ ಕಥೆಯನ್ನು ಕೈಗೆತ್ತಿಕೊಳ್ಳುವವರು ಸಾಂಗತ್ಯಗಳನ್ನು ಓದಿ, ಕುಮ್ಮಟದ ಹಾಳು ಕೋಟೆಯನ್ನು ನೋಡಿ, ಕುಷ್ಟಗಿ, ಯಲಬುರ್ಗಾ ಕಡೆಯ ಬಯಲಾಟದ ಕಲಾವಿದರೊಡನೆ ಕುಳಿತು ಬರೆಯಬೇಕು. ಆ ವೀರನಿಗೆ ತಕ್ಕ ಚಿತ್ರ ಇನ್ನೂ ಬರಬೇಕಾಗಿದೆ.