ಪಲ್ಲೆ–ಮಾಂಸದ ಪದರಡುಗೆ: ಕೊನೆಗೆ ಉಣ್ಣುವವರಿಗೂ ಸಮಪಾಲು

ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಟದ ಮನೆಯ ಒಲೆಗೆ ಬಿಡುವಿಲ್ಲ. ಕೊನೆ ಇಳಿಸುವವರು, ಸುಲಿಯುವವರು, ಬೇಯಿಸುವವರು, ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಊಟವಾಗಬೇಕು. ಇಷ್ಟು ಜನಕ್ಕೆ ಬಡಿಸಿದ ಮನೆಯ ಹೆಣ್ಣುಮಕ್ಕಳು ಮಾತ್ರ ಕೊನೆಗೆ ಕೂಡುತ್ತಾರೆ. ಅಷ್ಟರಲ್ಲಿ ಮಾಂಸದ ಸಾರಿನಲ್ಲಿ ತುಂಡುಗಳು ತೀರಿ ರಸವಷ್ಟೇ ಉಳಿದಿರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಬೆಳೆಗಾರ ಬಾಂಧವರು ತೋಟದ ಗಿಡದ ಹಳದಿ ಎಲೆಯನ್ನು ದೂರದಿಂದಲೇ ಗುರುತಿಸುತ್ತಾರೆ. ಮನೆಯವರ ಬಿಳಿಚಿದ ಮುಖವೂ ಅಷ್ಟೇ ಬೇಗ ಕಾಣಬೇಕೆಂಬುದು ನಮ್ಮ ವಿನಂತಿ.

ಈ ದೃಷ್ಟಿಯಿಂದ ಒಂದು ಅಡುಗೆಯನ್ನು ಇಲ್ಲಿ ತಿಳಿಸುತ್ತಿದ್ದೇವೆ. ಇಟಲಿಯವರು ಗೋಧಿಹಿಟ್ಟಿನ ತೆಳುವಾದ ಹಾಳೆಗಳ ನಡುವೆ ಮಾಂಸವನ್ನು ಪದರು ಪದರಾಗಿ ಹರಡಿ, ಒವನ್‌ನಲ್ಲಿ ಬೇಯಿಸಿ ಹೋಳು ಮಾಡಿ ಬಡಿಸುತ್ತಾರೆ. ಇದಕ್ಕೆ ‘ಲಸಾನ್ಯ’ ಎಂದು ಹೆಸರು. ನಮಗೆ ಆ ಹಾಳೆಗಳ ಅಗತ್ಯವಿಲ್ಲ. ಅವುಗಳ ಕೆಲಸವನ್ನು ನಮ್ಮ ಜೋಳದ ನುಚ್ಚು ಮಾಡುತ್ತದೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಪುಂಡಿಪಲ್ಲೆ ಎಲ್ಲರಿಗೂ ಪರಿಚಿತ. ಮುಚ್ಚಳದ ಮೇಲೆ ಕೆಂಡವಿಟ್ಟು ‘ದಮ್’ ಕೊಡುವ ಕ್ರಮವನ್ನು ಸವಣೂರು, ಶಿಗ್ಗಾಂವಿ ಕಡೆಯ ಬಿರ್ಯಾನಿ ಮಾಡುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೇಕಾಗುವ ಸಾಮಾನು (ಆರು ಜನರಿಗೆ)

ಸಣ್ಣಗೆ ಕೊಚ್ಚಿದ ಕುರಿಮಾಂಸ ಅರ್ಧ ಕಿಲೋ, ಸೋಸಿದ ರಾಜಗಿರಿ ಅಥವಾ ಪಾಲಕ ಅರ್ಧ ಕಿಲೋ, ಪುಂಡಿಪಲ್ಲೆ ಕಾಲು ಕಿಲೋ, ಜೋಳದ ನುಚ್ಚು ಒಂದೂವರೆ ಲೋಟ, ಉಳ್ಳಾಗಡ್ಡಿ ಮೂರು, ಬೆಳ್ಳುಳ್ಳಿ ಒಂದು ಗಡ್ಡಿ, ಶುಂಠಿ, ಅರಿಸಿನ, ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಮಸಾಲೆ, ಉಪ್ಪು, ಎಣ್ಣೆ ರುಚಿಗೆ ತಕ್ಕಷ್ಟು, ಗಟ್ಟಿ ಮೊಸರು ಒಂದು ಲೋಟ, ತತ್ತಿ ಎರಡು, ಕಡಲೆಹಿಟ್ಟು ಒಂದು ಚಮಚ.

ಮಾಡುವ ಕ್ರಮ

ಎಣ್ಣೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಶುಂಠಿ ಹುರಿದು, ಮಸಾಲೆ ಮತ್ತು ಮಾಂಸ ಹಾಕಿ, ನೀರು ಸೇರಿಸಿ ಮೆತ್ತಗೆ ಬೇಯಿಸಿರಿ. ಬೆಂದ ರಸವನ್ನು ಬೇರೆ ಬಸಿದು, ಅದಕ್ಕೆ ನೀರು ಕೂಡಿಸಿ, ಒಂದು ಲೋಟ ನುಚ್ಚಿಗೆ ಮೂರು ಲೋಟದ ಅಳತೆಯಲ್ಲಿ ನುಚ್ಚನ್ನು ಗಟ್ಟಿಯಾಗಿ ಬೇಯಿಸಿರಿ. ಹೀಗೆ ಮಾಂಸದ ಸಾರ ವ್ಯರ್ಥವಾಗುವುದಿಲ್ಲ.

ಪಲ್ಲೆಯನ್ನು ಹೆಚ್ಚಿ, ನೀರು ಹಾಕದೆ ಬಾಡಿಸಿರಿ. ಅದು ಬಿಟ್ಟ ನೀರು ಪೂರ್ತಿ ಇಂಗಬೇಕು. ಇಲ್ಲವಾದರೆ ಹೋಳು ನಿಲ್ಲದೆ ಎಲ್ಲವೂ ಕಲಸಿಹೋಗುತ್ತದೆ. ಪುಂಡಿ ಹುಳಿಯಾದ್ದರಿಂದ ಅಲ್ಯುಮಿನಿಯಂ ಅಥವಾ ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆ ಬೇಡ. ದಪ್ಪ ತಳದ ಸ್ಟೀಲ್ ಬೋಗುಣಿ ಉತ್ತಮ.

ಬೋಗುಣಿಗೆ ಎಣ್ಣೆ ಸವರಿ ಮೊದಲು ಅರ್ಧ ನುಚ್ಚು, ಅದರ ಮೇಲೆ ಅರ್ಧ ಪಲ್ಲೆ, ನಡುವೆ ಮಾಂಸವೆಲ್ಲ, ಮತ್ತೆ ಪಲ್ಲೆ, ಮತ್ತೆ ನುಚ್ಚು ಹರಡಿ ಒತ್ತಿರಿ. ಮೊಸರು, ತತ್ತಿ, ಕಡಲೆಹಿಟ್ಟು ಕಲಸಿ ಮೇಲೆ ಸುರಿಯಿರಿ. ಕೆಳಗೆ ಒಂದು ಪಾಲು, ಮುಚ್ಚಳದ ಮೇಲೆ ಎರಡು ಪಾಲು ಕೆಂಡವಿಟ್ಟು ಅರ್ಧ ತಾಸು ಬಿಡಿರಿ. ತೆಂಗಿನ ಚಿಪ್ಪಿನ ಕೆಂಡ ಇದಕ್ಕೆ ಚೆನ್ನು. ಬಿರ್ಯಾನಿಯಂತೆ ಮುಚ್ಚಳಕ್ಕೆ ಕಣಕ ಮೆತ್ತಬಾರದು. ಉಗಿ ಹೊರಹೋದರೆ ಮಾತ್ರ ಮೇಲ್ಪದರು ಕೆಂಪಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಪ್ರಾಣಾಪಾಯ, ಅಂಗಳದಲ್ಲಿಯೇ ಮಾಡಿರಿ. ಒವನ್ ಇದ್ದವರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಷ್ಟೇ ಹೊತ್ತು ಇಟ್ಟರೆ ಸಾಕು.

ಇಳಿಸಿ ಕಾಲು ತಾಸು ಆರಿದ ನಂತರ ಆರು ಹೋಳು ಮಾಡಿರಿ. ಪ್ರತಿ ಹೋಳಿನಲ್ಲಿಯೂ ಮಾಂಸ ಸಮನಾಗಿರುವುದೇ ಈ ಅಡುಗೆಯ ಮುಖ್ಯ ಗುಣ. ಅಡುಗೆ ಮಾಡಿದವರ ಹೋಳನ್ನು ಮೊದಲೇ ತೆಗೆದಿಡಬೇಕು.

ಕಾಫಿಯ ಬಗ್ಗೆ ಒಂದು ಮಾತು

ಮಾಂಸದಲ್ಲಿಯ ಕಬ್ಬಿಣದ ಅಂಶ ದೇಹಕ್ಕೆ ಸುಲಭವಾಗಿ ಹತ್ತುತ್ತದೆ. ಜೊತೆಗಿರುವ ಪಲ್ಲೆ, ಕಾಳುಗಳ ಕಬ್ಬಿಣ ಹತ್ತುವುದಕ್ಕೂ ಮಾಂಸ ನೆರವಾಗುತ್ತದೆ. ಬಡಿಸುವಾಗ ಲಿಂಬೆರಸ ಹಿಂಡಿದರೆ ಇನ್ನೂ ಒಳ್ಳೆಯದು. ಆದರೆ ಊಟದ ಜೊತೆ ಕುಡಿದ ಕಾಫಿ, ಚಹ ಇದಕ್ಕೆ ಅಡ್ಡಬರುತ್ತವೆ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮಾಂಸದ ಊಟದೊಡನೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣದ ಹೀರುವಿಕೆ ಶೇಕಡಾ 39ರಷ್ಟು, ಚಹ ಕುಡಿದಾಗ ಶೇಕಡಾ 64ರಷ್ಟು ಕಡಿಮೆಯಾಯಿತು. ಊಟವಾದ ಒಂದು ತಾಸಿನ ನಂತರ ಕುಡಿದ ಕಾಫಿಯೂ ಅಷ್ಟೇ ಬಾಧಿಸಿತು. ಒಂದು ತಾಸು ಮುಂಚೆ ಕುಡಿದದ್ದು ಬಾಧಿಸಲಿಲ್ಲ. ಕಾಫಿಯಿಂದಲೇ ಬದುಕುವ ನಾವು ಇದನ್ನು ಮುಚ್ಚಿಡುವುದು ಸರಿಯಲ್ಲ. ಕಾಫಿಯನ್ನು ಧಾರಾಳವಾಗಿ ಕುಡಿಯೋಣ, ಆದರೆ ಊಟಕ್ಕೆ ಮುಂಚೆ ಕುಡಿಯೋಣ.

ಪಲ್ಲೆ ಎಲ್ಲಿ ಬೆಳೆಯಬೇಕು?

ಬಾವಿಯ ಬದಿಯಲ್ಲಿ ಬಿಸಿಲು ಬೀಳುವ ಒಂದು ಮಡಿ ಸಾಕು. ರಾಜಗಿರಿ ಸುಮಾರು ಒಂದು ತಿಂಗಳಲ್ಲಿ ಕೀಳಲು ಬರುತ್ತದೆ. ಅಡಿಕೆ ಮರದ ಬುಡದಲ್ಲಿ ಮಾತ್ರ ಬೇಡ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದು ಕೊನೆಯಿಂದ ತೊಟ್ಟಿಕ್ಕಿ ಪಲ್ಲೆಯ ಎಲೆಗೆ ಅಂಟಿಕೊಳ್ಳುತ್ತದೆ. ತೊಳೆದರಾಯಿತು ಎಂಬ ಭರವಸೆ ಸಲ್ಲದು.

ಮಾಂಸ ಉಣ್ಣದ ಸದಸ್ಯರು ಅದರ ಬದಲು ಮೊಳಕೆ ಬರಿಸಿದ ಮಡಿಕೆ ಅಥವಾ ಅಲಸಂದಿ ಕಾಳನ್ನು ಬೇಯಿಸಿ ಹಾಕಬಹುದು. ತತ್ತಿ ಬಿಟ್ಟು ಕಡಲೆಹಿಟ್ಟನ್ನು ಎರಡು ಚಮಚ ಹೆಚ್ಚಿಸಬೇಕು. ಅಂಥ ಮನೆಗಳಲ್ಲಿ ಲಿಂಬೆರಸವನ್ನು ಮರೆಯಲೇಬಾರದು.

ಇದು ಊಟವೇ ಹೊರತು ಔಷಧವಲ್ಲ. ಆಯಾಸ, ಏದುಸಿರು ಇರುವ ಹೆಣ್ಣುಮಕ್ಕಳನ್ನು ಕೊಯ್ಲು ಮುಗಿಯಲಿ ಎಂದು ಕಾಯಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕೆಂದು ಎಲ್ಲ ಸದಸ್ಯ ಬಾಂಧವರಲ್ಲಿ ಕೇಳಿಕೊಳ್ಳುತ್ತೇವೆ.