ಗಡಿ ದಾಟುವ ಕರೆಂಟು, ಕೂಡಗಿಯ ಲೆಕ್ಕ

ಆಲಮಟ್ಟಿ ಅಣೆಕಟ್ಟೆಯ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಕೃಷ್ಣೆ ತುಂಬಿ ಹರಿದಷ್ಟು ದಿನ ಅಲ್ಲಿ ಕರೆಂಟಿಗೆ ಬರವಿಲ್ಲ. ಇಂಡಿಯ ಲಿಂಬೆ ತೋಟಗಳಲ್ಲಿ ಪಂಪ್‌ಸೆಟ್ ಓಡಲೇಬೇಕಾದ ಬೇಸಿಗೆಯಲ್ಲಿ ಮಾತ್ರ ಉತ್ಪಾದನೆ ಇಳಿದುಹೋಗುತ್ತದೆ. ನೇಪಾಳದ ಪಾಡೂ ಇದೇ: ಮಳೆಗಾಲದಲ್ಲಿ ಮಾರುತ್ತದೆ, ಚಳಿಗಾಲದಲ್ಲಿ ಕೊಳ್ಳುತ್ತದೆ. ನೆರೆಯವರ ನಡುವೆ ವಿದ್ಯುತ್ತಿನ ಕೊಡು-ಕೊಳ್ಳು ಬೆಳೆದದ್ದೇ ಈ ಏರುಪೇರಿನಿಂದ.

ಹಾಗಂತ ತಂತಿ ಎಳೆದರೆ ಸಾಲದು, ಎರಡೂ ಕಡೆಯ ಗ್ರಿಡ್‌ಗಳ ಆವರ್ತನ ಕೂಡಿಬರಬೇಕು, ಇಲ್ಲವೇ ನಡುವೆ ಡಿಸಿ ಕೊಂಡಿ ಬೇಕು. ದಕ್ಷಿಣದ ಗ್ರಿಡ್ ಬಹುಕಾಲ ದೇಶದ ಉಳಿದ ಭಾಗದೊಂದಿಗೆ ಹೀಗೆ ಕೂಡಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗ ಚಾಲೂ ಆದ ಮೇಲೆ ಇಡೀ ದೇಶ ಒಂದೇ ಗ್ರಿಡ್ ಆಯಿತು. ಇಂಡಿ, ಸಿಂದಗಿಯವರಿಗೆ ಸೊಲ್ಲಾಪುರ ನೆರೆಯ ಊರೇ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಪಶ್ಚಿಮ ಬಂಗಾಳದ ಬಹರಂಪುರದಿಂದ ಬಾಂಗ್ಲಾದೇಶದ ಭೇರಾಮಾರಕ್ಕೆ 500 ಮೆಗಾವಾಟ್‌ನ ಸಂಪರ್ಕ ಶುರುವಾಗಿತ್ತು. ಎರಡು ದೇಶಗಳ ಗ್ರಿಡ್ ಬೇರೆ ಬೇರೆ. ಆದ್ದರಿಂದ ಭೇರಾಮಾರದಲ್ಲಿ ಎಸಿ ಕರೆಂಟನ್ನು ಡಿಸಿ ಮಾಡಿ, ಮತ್ತೆ ಎಸಿ ಮಾಡಿ ಆಚೆ ಬಿಡುತ್ತಾರೆ. ಅದರಲ್ಲಿ 250 ಮೆಗಾವಾಟ್ ಎನ್‌ಟಿಪಿಸಿಯ ಕೇಂದ್ರಗಳದ್ದು. 2024ರ ನವೆಂಬರ್ 15ರಂದು ನೇಪಾಳದ 40 ಮೆಗಾವಾಟ್ ಕೂಡ ಭಾರತದ ಗ್ರಿಡ್ ಮೇಲೆ ಹಾದು ಬಾಂಗ್ಲಾದೇಶ ಮುಟ್ಟಿತು.

ಅದೇ ಎನ್‌ಟಿಪಿಸಿ ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 800 ಮೆಗಾವಾಟ್‌ನ ಮೂರು ಘಟಕ ಕಟ್ಟಿದೆ. ನೀರು ಆಲಮಟ್ಟಿ ಹಿನ್ನೀರಿನದು, ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರುತ್ತದೆ. ಕರೆಂಟು ದಕ್ಷಿಣದ ರಾಜ್ಯಗಳಿಗೆ ಹಂಚಿಹೋಗುತ್ತದೆ. ಕರ್ನಾಟಕದ ಪಾಲು ಹೆಚ್ಚಿನದು. ಈ ಸ್ಥಾವರ ಸುಲಭಕ್ಕೆ ಎದ್ದು ನಿಂತದ್ದಲ್ಲ. ಹೊಲಕ್ಕೆ ಬೂದಿ ಬೀಳುತ್ತದೆ, ಕುಡಿಯುವ ನೀರು ಕೆಡುತ್ತದೆ ಎಂದು ಸುತ್ತಲ ರೈತರು ಬೀದಿಗಿಳಿದರು. 2014ರ ಜುಲೈನಲ್ಲಿ ಅವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ರೈತರು ಗಾಯಗೊಂಡರು. ಕೊನೆಯ ಘಟಕ ವಾಣಿಜ್ಯ ಉತ್ಪಾದನೆ ಶುರುಮಾಡಿದ್ದು 2018ರಲ್ಲಿ.

ಹೀಗೆ ನೆಲ, ನೀರು ಕೊಟ್ಟವರಿಗೆ ಸಿಗುವುದೇನು? ಜಲವಿದ್ಯುತ್ ಕೇಂದ್ರಕ್ಕೆ ಅವನ್ನು ಕೊಟ್ಟ ರಾಜ್ಯಕ್ಕೆ ಶೇ 12ರಷ್ಟು ಉಚಿತ ವಿದ್ಯುತ್ ಕೊಡುವ ಪದ್ಧತಿ ಕೇಂದ್ರದ ಯೋಜನೆಗಳಲ್ಲಿದೆ. ಭೂತಾನವೂ ತನ್ನ ನದಿಗಳ ಕರೆಂಟಿನಲ್ಲಿ ಇಂಥ ಪಾಲು ಪಡೆಯುತ್ತದೆ. ಈ ಪಾಲು ಸರ್ಕಾರಗಳ ಲೆಕ್ಕಕ್ಕೆ ಹೋಗುತ್ತದೆ, ಹಳ್ಳಿಗಲ್ಲ. ಕೂಡಗಿ, ಮಸೂತಿಯಂಥ ಊರುಗಳ ಹೊಲಗಳಿಗೆ ಹಗಲು ಹೊತ್ತು ತ್ರೀ-ಫೇಸ್ ಕರೆಂಟು ಕೊಡುವ ಮಾತನ್ನು ಹಂಚಿಕೆಯ ಒಪ್ಪಂದದಲ್ಲೇ ಬರೆಯಬೇಕು. ರಾತ್ರಿ ಹಾವು-ಚೇಳಿನ ನಡುವೆ ಮೋಟರ್ ಚಾಲೂ ಮಾಡಲು ಹೋಗುವ ರೈತ ಅಷ್ಟನ್ನು ಕೇಳುವ ಹಕ್ಕುಳ್ಳವನು.