ದಕ್ಷಿಣ ದಿಗಂತದ ಮೂರು ಸೂರ್ಯರು, ಒಂದು ಶಂಕಿತ ಗ್ರಹ

ನವಲಗುಂದ, ಅಣ್ಣಿಗೇರಿ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಕಡಲೆ, ಜೋಳಗಳ ಸುಗ್ಗಿ ಮುಗಿದು ಹೊಲಗಳು ಬರಿದಾಗಿರುವ ಬೇಸಿಗೆಯ ಕೊನೆಯಲ್ಲಿ, ಅಂದರೆ ಪಂಚಾಂಗವು ಕೃತ್ತಿಕಾ ಮಳೆಯ ಅವಧಿಯೆಂದು ಗುರುತಿಸುವ ಮೇ ಎರಡನೆಯ ಮತ್ತು ಮೂರನೆಯ ವಾರಗಳಲ್ಲಿ, ರಾತ್ರಿ 11ರಿಂದ 12 ಗಂಟೆಯೊಳಗೆ ನೇರ ದಕ್ಷಿಣಕ್ಕೆ ನೋಡಿದರೆ ದಿಗಂತದಿಂದ ಸುಮಾರು 14 ಡಿಗ್ರಿ ಎತ್ತರದಲ್ಲಿ ಹಳದಿ ಛಾಯೆಯ ಪ್ರಖರ ನಕ್ಷತ್ರವೊಂದು ಕಾಣುತ್ತದೆ. ಅದರ ಬಲಕ್ಕೆ ಇನ್ನೊಂದು ಉಜ್ವಲ ತಾರೆಯೂ, ಅದರಾಚೆಗೆ ತ್ರಿಶಂಕುವೂ ಇವೆ. ಸಂಜೆ ಅಡ್ಡಮಳೆ ಬಿದ್ದು ಗಾಳಿಯ ಧೂಳು ಅಡಗಿದ್ದರೆ ನೋಟ ಇನ್ನೂ ಸ್ಪಷ್ಟ. ಕಲಘಟಗಿಯ ಕಡೆ ಮಲೆನಾಡಿನ ಸೆರಗಿನ ಗುಡ್ಡ-ಕಾಡುಗಳು ಇಷ್ಟು ತಗ್ಗಿನ ನಕ್ಷತ್ರವನ್ನು ಹಲವೆಡೆ ಮರೆಮಾಡುತ್ತವೆ. ದೆಹಲಿಯಲ್ಲಂತೂ ಅದು ದಿಗಂತದಿಂದ ಒಂದು ಡಿಗ್ರಿಯೂ ಮೇಲೇರುವುದಿಲ್ಲ. ಆಲ್ಫಾ ಸೆಂಟಾರಿ ಎಂಬ ಹೆಸರಿನ ಈ ನಕ್ಷತ್ರವು ಸೂರ್ಯನ ಅತಿ ಸಮೀಪದ ನೆರೆಯ ವ್ಯವಸ್ಥೆ.

ಬರಿಗಣ್ಣಿಗೆ ಒಂದೇ ಚುಕ್ಕೆಯಾಗಿ ತೋರುವ ಇದು ವಾಸ್ತವದಲ್ಲಿ ಜೋಡಿ ನಕ್ಷತ್ರವೆಂಬುದನ್ನು 1689ರ ಡಿಸೆಂಬರಿನಲ್ಲಿ ಪುದುಚೇರಿಯಿಂದ ಧೂಮಕೇತುವೊಂದನ್ನು ವೀಕ್ಷಿಸುತ್ತಿದ್ದ ಫ್ರೆಂಚ್ ಪಾದ್ರಿ ಜ್ಯಾಂ ರಿಷೋ ಕಂಡುಕೊಂಡರು. ಸೂರ್ಯನಿಗಿಂತ ತುಸು ದೊಡ್ಡದಾದ ‘ಎ’ ಮತ್ತು ತುಸು ಚಿಕ್ಕದಾದ ‘ಬಿ’ ಪರಸ್ಪರ ಸುತ್ತಲು ಸುಮಾರು 80 ವರ್ಷ ತೆಗೆದುಕೊಳ್ಳುತ್ತವೆ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವನ್ನು ಒಂದು ಖಗೋಳಮಾನ ಎನ್ನುವುದು ವಾಡಿಕೆ. ಈ ಎರಡು ನಕ್ಷತ್ರಗಳ ನಡುವಿನ ಅಂತರವು ಸುಮಾರು 11 ಖಗೋಳಮಾನಗಳಿಂದ 36ರವರೆಗೆ ಹಿಗ್ಗಿ ಕುಗ್ಗುತ್ತದೆ. ಮೂರನೆಯದು 1915ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ರಾಬರ್ಟ್ ಇನ್ನೆಸ್ ಗುರುತಿಸಿದ ಕೆಂಪು ಕುಬ್ಜ ನಕ್ಷತ್ರ ಪ್ರಾಕ್ಸಿಮಾ. ಜೋಡಿಯಿಂದ ಸುಮಾರು 13,000 ಖಗೋಳಮಾನಗಳಷ್ಟು ದೂರದಲ್ಲಿರುವ, ದೂರದರ್ಶಕವಿಲ್ಲದೆ ಕಾಣದ ಈ ತಾರೆಯು ಒಂದು ಸುತ್ತಿಗೆ ಐದು ಲಕ್ಷಕ್ಕೂ ಹೆಚ್ಚು ವರ್ಷ ತೆಗೆದುಕೊಳ್ಳುತ್ತದೆ.

2024ರ ಆಗಸ್ಟ್‌ನಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕವು ಈ ಮೂರರಲ್ಲಿ ‘ಎ’ಯನ್ನು ಗುರಿಯಾಗಿಸಿಕೊಂಡಿತು. ನಕ್ಷತ್ರದ ಪ್ರಭೆಯನ್ನು ತಡೆದು ಅದರ ಮಗ್ಗುಲಿನ ಮಂದ ಕಾಯಗಳನ್ನು ತೋರಿಸುವ ಕರೋನಾಗ್ರಾಫ್ ಎಂಬ ಉಪಕರಣವನ್ನು ಇದಕ್ಕೆ ಬಳಸಲಾಯಿತು. ಆದರೆ ಇಲ್ಲಿ ಮುಚ್ಚಬೇಕಾದ ದೀಪ ಒಂದೇ ಆಗಿರಲಿಲ್ಲವಾದ್ದರಿಂದ, ‘ಬಿ’ಯಿಂದ ಸೋರಿ ಬರುವ ಬೆಳಕನ್ನೂ ಎಪ್ಸಿಲಾನ್ ಮಸ್ಕೇ ಎಂಬ ಬೇರೊಂದು ನಕ್ಷತ್ರದ ಚಿತ್ರಗಳ ನೆರವಿನಿಂದ ಲೆಕ್ಕಹಾಕಿ ಕಳೆಯಬೇಕಾಯಿತು. ಹಾಗೆ ಕಳೆದ ಮೇಲೆ ‘ಎ’ಯಿಂದ ಸುಮಾರು 2 ಖಗೋಳಮಾನ ದೂರದಲ್ಲಿ, ಅದಕ್ಕಿಂತ 10 ಸಾವಿರ ಪಟ್ಟಿಗೂ ಮಿಕ್ಕಿ ಮಂದವಾದ ಬಿಂದುವೊಂದು ಉಳಿಯಿತು. ಚಾರ್ಲ್ಸ್ ಬೈಕ್‌ಮನ್ ಮತ್ತು ಅನಿಕೇತ್ ಸಾಂಘಿ ಅವರ ತಂಡವು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಅದು ಗ್ರಹವೇ ಆಗಿದ್ದರೆ ಶನಿಯಷ್ಟು ದ್ರವ್ಯರಾಶಿಯ ಅನಿಲ ದೈತ್ಯ, ಅಂದರೆ ಗಟ್ಟಿ ನೆಲವಿಲ್ಲದೆ ಬಹುಪಾಲು ಅನಿಲದಿಂದಾದ ಮಹಾಗ್ರಹ.

‘ಆಗಿದ್ದರೆ’ ಎನ್ನುವುದಕ್ಕೆ ಕಾರಣವಿದೆ. 2025ರ ಫೆಬ್ರುವರಿ ಮತ್ತು ಏಪ್ರಿಲ್‌ನಲ್ಲಿ ಅದೇ ದೂರದರ್ಶಕ ಮತ್ತೆ ನೋಡಿದಾಗ ಬಿಂದು ಕಾಣಲಿಲ್ಲ. ಸಂಶೋಧಕರು ಅಪಾರ ಸಂಖ್ಯೆಯ ಸಂಭಾವ್ಯ ಕಕ್ಷೆಗಳನ್ನು ಗಣಕದಲ್ಲಿ ಹರಿಯಬಿಟ್ಟು ಪರೀಕ್ಷಿಸಿದಾಗ, ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗ್ರಹವು ಆ ತಿಂಗಳುಗಳಲ್ಲಿ ನಕ್ಷತ್ರಕ್ಕೆ ತೀರ ಹತ್ತಿರ ಸರಿದು ಪ್ರಭೆಯಲ್ಲಿ ಮುಳುಗಿರುತ್ತಿತ್ತು. ಚಿಲಿಯ ದೂರದರ್ಶಕವೊಂದು 2019ರಲ್ಲಿ ಕಂಡಿದ್ದ ಅಸ್ಪಷ್ಟ ಬಿಂದುವಿಗೂ ಇದಕ್ಕೂ ಹೊಂದಿಕೆಯಾಗುವ ಕಕ್ಷೆಗಳಿವೆ. ಅರ್ಧ ಸಂಭವವೆಂಬುದು ವಾದವನ್ನು ಜೀವಂತವಾಗಿಡಲು ಸಾಕು, ನಿರ್ಣಯಕ್ಕೆ ಸಾಲದು.

ಎರಡು ಸೂರ್ಯರ ಎಳೆತದ ನಡುವೆ ದೈತ್ಯಗ್ರಹ ಉಳಿಯುವುದು ಸಾಧ್ಯವೇ ಎಂಬ ಸಂದೇಹ ಸಹಜವಾದರೂ ಅದಕ್ಕೆ ಉತ್ತರ ಹೆಚ್ಚು ನಿಶ್ಚಿತವಾಗಿದೆ. ‘ಎ’ಯಿಂದ ಸುಮಾರು 3 ಖಗೋಳಮಾನಗಳೊಳಗಿನ ಕಕ್ಷೆಗಳು ದೀರ್ಘಕಾಲ ಸ್ಥಿರವಾಗಿರಬಲ್ಲವೆಂದು ಗಣನೆಗಳು ತೋರಿಸಿವೆ. ಗಾಮಾ ಸೆಫಿ ಎಂಬ ಜೋಡಿಯಲ್ಲಿ ಸುಮಾರು 2 ಖಗೋಳಮಾನ ದೂರದಲ್ಲಿ ದೈತ್ಯಗ್ರಹವಿರುವುದು 2003ರಲ್ಲೇ ದೃಢಪಟ್ಟಿದೆ. ಉಳಿಯುವುದಕ್ಕಿಂತ ಹುಟ್ಟುವುದೇ ಕಷ್ಟ: ಎಳೆಯ ನಕ್ಷತ್ರದ ಸುತ್ತಲಿನ ಅನಿಲ-ಧೂಳಿನ ತಟ್ಟೆಯನ್ನು ಸಂಗಾತಿ ನಕ್ಷತ್ರವು ಅಂಚಿನಿಂದ ಕತ್ತರಿಸಿ, ಕದಡಿಬಿಡುವುದರಿಂದ ಗ್ರಹಕ್ಕೆ ಬೇಕಾದ ಸಾಮಗ್ರಿಯೇ ಕಡಿಮೆಯಾಗುತ್ತದೆ. ಅಂಥ ಗ್ರಹವಿದ್ದರೆ ಅದರ ಆಕಾಶದಲ್ಲಿ ‘ಬಿ’ಯು ಅತಿ ದೂರದಲ್ಲಿರುವಾಗಲೂ ನಮ್ಮ ಹುಣ್ಣಿಮೆ ಚಂದ್ರನಿಗಿಂತ ನೂರು ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ, ಅಮಾವಾಸ್ಯೆಯಂಥ ಕತ್ತಲು ಅಲ್ಲಿ ವರ್ಷದ ಒಂದು ಭಾಗಕ್ಕೆ ಮಾತ್ರ ಮೀಸಲು.

ಸಂಶೋಧಕರ ಎಚ್ಚರಿಕೆಯ ಹಿಂದೆ ದಕ್ಷಿಣ ಭಾರತಕ್ಕೂ ಸೇರಿದ ಹಳೆಯ ಪ್ರಸಂಗವೊಂದಿದೆ. ಮದ್ರಾಸ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್ 1855ರಲ್ಲಿ, 70 ಒಫಿಯೂಕಿ ಎಂಬ ಜೋಡಿ ನಕ್ಷತ್ರದ ಚಲನೆಯು ಲೆಕ್ಕಕ್ಕೆ ಕೂಡಿಬರದಿರುವುದನ್ನು ಗಮನಿಸಿ, ಕಾಣದ ಗ್ರಹವೊಂದರ ಸೆಳೆತವೇ ಅದಕ್ಕೆ ಕಾರಣವಿರಬಹುದೆಂದು ಲಂಡನ್ನಿನ ರಾಯಲ್ ಖಗೋಳ ಸಂಘದ ಪತ್ರಿಕೆಯಲ್ಲಿ ಬರೆದರು. ಸೌರವ್ಯೂಹದ ಹೊರಗೆ ಗ್ರಹವಿದೆಯೆಂದು ಅಳತೆಗಳ ಆಧಾರದಲ್ಲಿ ಮಂಡಿಸಿದ ಮೊದಮೊದಲ ವಾದವಿದು, ಅದೂ ಬಹುನಕ್ಷತ್ರ ವ್ಯವಸ್ಥೆಯಲ್ಲಿ. ಅಮೆರಿಕದ ಟಿ.ಜೆ.ಜೆ. ಸೀ ಅದನ್ನು ಮುಂದುವರಿಸಿದರೂ, ಅವರು ಹೇಳಿದ ಕಕ್ಷೆ ಸ್ಥಿರವಾಗಿರಲಾರದೆಂದು 1899ರಲ್ಲಿ ಫಾರೆಸ್ಟ್ ಮೌಲ್ಟನ್ ತೋರಿಸಿದ ಮೇಲೆ ವಾದ ಬಿದ್ದುಹೋಯಿತು. ಜೇಕಬ್ ದುಡಿದ ವೀಕ್ಷಣಾಲಯದ ಪರಂಪರೆಯೇ ಕೊಡೈಕೆನಾಲ್ ಮೂಲಕ ಹಾದು ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಬಂದಿದೆ. ಆಲ್ಫಾ ಸೆಂಟಾರಿಯಲ್ಲೇ ‘ಬಿ’ಯ ಸುತ್ತ ಭೂಮಿಯಷ್ಟು ದ್ರವ್ಯರಾಶಿಯ ಗ್ರಹವಿದೆಯೆಂದು 2012ರಲ್ಲಿ ಘೋಷಣೆಯಾಗಿ, ಆ ಸಂಕೇತವು ದತ್ತಾಂಶದ ವಿಶ್ಲೇಷಣೆಯಲ್ಲೇ ಹುಟ್ಟಿದ ಭ್ರಮೆಯೆಂದು 2015ರಲ್ಲಿ ಗೊತ್ತಾಯಿತು. ಪ್ರಾಕ್ಸಿಮಾದ ಸುತ್ತ 2016ರಲ್ಲಿ ದೊರೆತ, ಸುಮಾರು 11 ದಿನಕ್ಕೊಮ್ಮೆ ಸುತ್ತುವ ಗ್ರಹ ಮಾತ್ರ ಅನಂತರದ ಅಳತೆಗಳಲ್ಲೂ ಉಳಿದುಕೊಂಡಿದೆ.

‘ಎ’ಯ ಸುತ್ತಲಿನ ಶಂಕಿತ ದೈತ್ಯನ ವಿಚಾರದಲ್ಲಿ ಕಲ್ಪಿತ ಕಕ್ಷೆಗಳ ಅಂಕಿಸಂಖ್ಯೆಗಿಂತ ಹೆಚ್ಚು ತೂಕವಿರುವುದು ಎರಡನೆಯ ನೋಟಕ್ಕೆ. ಬಿಂದು ಗ್ರಹವೇ ಆಗಿದ್ದರೆ ಎರಡು-ಮೂರು ವರ್ಷಕ್ಕೊಂದು ಸುತ್ತು ಮುಗಿಸಬೇಕಾದ್ದರಿಂದ, ಅದು ಪ್ರಭೆಯಿಂದ ಹೊರಬರಲು ದೀರ್ಘಕಾಲ ಕಾಯಬೇಕಾಗಿಲ್ಲ. ವೆಬ್ ಗ್ರಹಿಸುವುದು ಅದರ ಶಾಖವನ್ನು, ಅಂದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ನ್ಯಾನ್ಸಿ ಗ್ರೇಸ್ ರೋಮನ್ ಎಂಬ ಇನ್ನೊಂದು ಬಾಹ್ಯಾಕಾಶ ದೂರದರ್ಶಕದ ಕರೋನಾಗ್ರಾಫ್ ಗೋಚರ ಬೆಳಕಿನಲ್ಲಿ ಕೆಲಸ ಮಾಡುವಂಥದ್ದಾದ್ದರಿಂದ, ಗ್ರಹವು ಪ್ರತಿಫಲಿಸುವ ಬೆಳಕು ಅದಕ್ಕೆ ಸಿಕ್ಕಿದರೆ ಗಾತ್ರವನ್ನೂ ಅಳೆಯಲು ದಾರಿಯಾಗುತ್ತದೆ.